ಸೋಫಾ ಕ್ಲಾಸಿನ ಮಳೆಗಾಲ

ಬೆಣ್ಣೆ ಹಾಕಿದ ಪಾಪ್‌ಕಾರ್ನ್ ವಾಸನೆ ನನಗೆ ಆಗಿಬರುವುದಿಲ್ಲ. ಮೊದಲು ಹೀಗಿರಲಿಲ್ಲ. ಕಳೆದ ವಾರ ಬನ್ನೇರುಘಟ್ಟ ರಸ್ತೆಯ ಮಾಲ್ ಒಂದಕ್ಕೆ ಬೆಡ್‌ಶೀಟ್ ತರಲು ಹೋಗಿದ್ದೆ. ಲಿಫ್ಟಿನಲ್ಲಿ ನನ್ನ ಜೊತೆ ಇಬ್ಬರು ಹುಡುಗಿಯರು ಹತ್ತಿದರು. ಒಬ್ಬಳ ಕೈಯಲ್ಲಿ ಬಕೆಟ್ಟಿನಷ್ಟು ದೊಡ್ಡ ಪಾಪ್‌ಕಾರ್ನ್ ಡಬ್ಬ, ಇನ್ನೊಬ್ಬಳ ಕೈಯಲ್ಲಿ ನೀರು ಸೋರುವ ಛತ್ರಿ. "ಟ್ರೇಲರ್‌ನಲ್ಲೇ ಎಲ್ಲಾ ತೋರಿಸ್ಬಿಟ್ಟಿದಾರೆ ಕಣೇ, ಇನ್ನು ಸಿನಿಮಾದಲ್ಲಿ ಏನಿರತ್ತೆ," ಅಂದಳು ಛತ್ರಿಯವಳು. ಒದ್ದೆ ಛತ್ರಿ, ಬೆಣ್ಣೆ, ಆ ಮಾತು ಮೂರೂ ಒಟ್ಟಿಗೆ ಮೂಗಿಗೂ ಕಿವಿಗೂ ಬಡಿದು, ಮೂರನೇ ಮಹಡಿಯಲ್ಲಿ ಇಳಿಯಬೇಕಿದ್ದವಳು ಮೊದಲನೆಯದರಲ್ಲೇ ಇಳಿದುಬಿಟ್ಟೆ. ಬೆಡ್‌ಶೀಟ್ ತರಲಿಲ್ಲ. ಮನೆಯಲ್ಲಿ ನಂದೀಶ ಕೇಳಿದ್ದಕ್ಕೆ ಬಣ್ಣ ಹಿಡಿಸಲಿಲ್ಲ ಅಂದೆ.

ಎರಡು ವರ್ಷದ ಹಿಂದಿನ ಮಳೆಗಾಲ ಅದು. ಜೆ.ಪಿ. ನಗರದ ನಮ್ಮ ಮನೆಯ ಸೋಫಾ ಮೇಲೆ ನಾನೂ ನಮ್ಮ ಅತ್ತೆಮ್ಮನೂ ಕೂತು ಹೊಸ ಸಿನಿಮಾಗಳ ಟ್ರೇಲರ್ ನೋಡುತ್ತಿದ್ದೆವು. ನೋಡುವಾಗ ನಮ್ಮ ಮುಖ ಏನಾಗುತ್ತದೆ, ನಾವು ಏನನ್ನುತ್ತೇವೆ ಎನ್ನುವುದನ್ನು ಫೋನಿನಲ್ಲಿ ಹಿಡಿದು ನಮ್ಮದೇ ಒಂದು ಚಾನೆಲ್ಲಿಗೆ ಹಾಕುತ್ತಿದ್ದೆವು. ಇದಕ್ಕೆ ರಿಯಾಕ್ಷನ್ ವಿಡಿಯೋ ಅನ್ನುತ್ತಾರೆ. "ಬೇರೆಯವರು ಸಿನಿಮಾ ನೋಡೋದನ್ನ ನೋಡೋಕೂ ಜನ ಇದಾರೇನೇ?" ಎಂದು ನಮ್ಮಮ್ಮ ಕೇಳಿದ್ದಳು. ಇದ್ದಾರೆ. ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ನಾನೂ ಒಬ್ಬಳಾಗಿದ್ದೆ, ಆ ಚಟದಿಂದಲೇ ಇದು ಶುರುವಾಗಿದ್ದು.

ನನ್ನ ಕೆಲಸ ಬಿಟಿಎಂ ಲೇಔಟಿನ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವುದು. ಬೆಳಗ್ಗೆ ಆರಕ್ಕೆ ಹೋದರೆ ಮಧ್ಯಾಹ್ನ ಎರಡಕ್ಕೆ ಬಿಡುಗಡೆ. ನಂದೀಶ ಲಿಫ್ಟ್ ರಿಪೇರಿ ಕಂಪನಿಯಲ್ಲಿದ್ದಾನೆ; ಯಾವ ಅಪಾರ್ಟ್‌ಮೆಂಟಿನಲ್ಲಿ ಯಾರು ಸಿಕ್ಕಿಹಾಕಿಕೊಂಡರೂ ಅವನು ಓಡಬೇಕು. ಹಾಗಾಗಿ ಮಧ್ಯಾಹ್ನದಿಂದ ರಾತ್ರಿವರೆಗೆ ಮನೆಯಲ್ಲಿ ನಾನು ಮತ್ತು ಅತ್ತೆಮ್ಮ. ಹೆಸರು ಸರ್ವಮಂಗಳ. ಹಣೆಯಲ್ಲಿ ವಿಭೂತಿ, ಕೈಯಲ್ಲಿ ರಿಮೋಟು. ತಿಪಟೂರಿನ ಕಡೆಯವರು, ಮದುವೆಯಾಗಿ ಜಯನಗರಕ್ಕೆ ಬಂದವರು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಆಪರೇಟರ್ ಆಗಿದ್ದವರು. ಕಣ್ಣು ಸ್ವಲ್ಪ ಮಂದ, ಕಿವಿ ಮಾತ್ರ ಮಹಾ ಚುರುಕು. ಪಕ್ಕದ ಮನೆಯ ಆಂಟಿ ಮಗನ ಜೊತೆ ಮಾತಾಡುತ್ತಿದ್ದಾಳಾ, ಅಳಿಯನ ಜೊತೆಯಾ ಎನ್ನುವುದನ್ನು ಗೋಡೆಯ ಈಚೆಯಿಂದಲೇ ಹೇಳಿಬಿಡುತ್ತಿದ್ದರು.

ಮೇ ಕೊನೆಯಲ್ಲಿ ಒಂದು ದಿನ ನಾನು ಸುಮ್ಮನೆ ಒಂದು ದೊಡ್ಡ ಹೀರೋನ ಟ್ರೇಲರಿಗೆ ನನ್ನ ರಿಯಾಕ್ಷನ್ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಅತ್ತೆಮ್ಮ ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಈಗಿನ ಟ್ರೇಲರುಗಳು ನಿಮಗೇ ಗೊತ್ತು. ಮೊದಲು ಹೀರೋನ ಬೆನ್ನು ತೋರಿಸುತ್ತಾರೆ, ಆಮೇಲೆ ಕಿಡಿ ಹಾರುತ್ತದೆ, ಆಮೇಲೆ ಯಾರೋ ಮುದುಕ "ಅವನು ಬರ್ತಾನೆ" ಅನ್ನುತ್ತಾನೆ. ಎಲ್ಲಾ ಕಪ್ಪು, ಎಲ್ಲರ ಮೈಗೂ ಮಸಿ. ಅತ್ತೆಮ್ಮ ತಲೆ ಎತ್ತದೆ, "ಇವ್ರ ಊರಲ್ಲಿ ಕರೆಂಟ್ ಇಲ್ವೇನೇ?" ಅಂದರು. ನಾನು ನಕ್ಕೆ. ಸ್ವಲ್ಪ ಹೊತ್ತಾದ ಮೇಲೆ, "ಈ ವಿಲನ್ ಮಾತಾಡ್ತಿರೋದು ಅವನ ಗಂಟಲಲ್ಲಿ ಅಲ್ಲ. ಹೋದ ತಿಂಗಳು ಆ ಪೊಲೀಸ್ ಸಿನಿಮಾದಲ್ಲಿ ಹೀರೋಯಿನ್ ಅಪ್ಪ ಇದ್ನಲ್ಲ, ಅವನ ಧ್ವನಿ ಇದು. ಡಬ್ಬಿಂಗ್," ಅಂದರು. ವಿಡಿಯೋ ಹಾಕಿದ ಮೇಲೆ ಯಾರೋ ಹುಡುಕಿ ನೋಡಿದರೆ ಅದು ನಿಜವಾಗಿತ್ತು.

ಅಷ್ಟೇ ನೋಡಿ. ಒಂದು ವಾರದಲ್ಲಿ ನನ್ನನ್ನು ಕೇಳುವವರೇ ಇಲ್ಲ, "ಅಜ್ಜಿ ಎಲ್ಲಿ, ಅಜ್ಜಿನ ಕೂರ್ಸಿ" ಅನ್ನುವವರೇ ಎಲ್ಲ. ನಂದೀಶ ಚಾನೆಲ್ಲಿಗೆ 'ಸೋಫಾ ಕ್ಲಾಸ್' ಎಂದು ಹೆಸರಿಟ್ಟ. ಗಾಂಧಿ ಕ್ಲಾಸು, ಬಾಲ್ಕನಿ ಇದ್ದ ಹಾಗೆ ಇದೂ ಒಂದು ಕ್ಲಾಸು ಅಂತ. ಅತ್ತೆಮ್ಮ ಹಾಕಿದ ಷರತ್ತು ಒಂದೇ. ಟ್ರೇಲರನ್ನು ಮೊದಲೇ ತೋರಿಸಬಾರದು. "ಮೊದಲನೇ ಸಲ ಅಂದ್ರೆ ಮೊದಲನೇ ಸಲ. ನೋಡಿದ್ದನ್ನೇ ನೋಡಿ ಹಾಂ ಹೂಂ ಅನ್ನೋದು ನಂಗಾಗಲ್ಲ," ಅಂದಿದ್ದರು.

ಆ ಜೂನ್, ಜುಲೈ ನಾನು ನೆಲದ ಮೇಲೆ ಕಾಲಿಟ್ಟಿದ್ದು ಕಡಿಮೆ. ನಮ್ಮ ಸಿನಿಮಾದವರು ಟ್ರೇಲರ್ ಬಿಡುವುದಕ್ಕೂ ಮುಹೂರ್ತ ನೋಡುತ್ತಾರೆ. ಸಂಜೆ ಐದು ಗಂಟೆ ನಾಲ್ಕು ನಿಮಿಷ, ಮಧ್ಯಾಹ್ನ ಮೂರು ಗಂಟೆ ಎಂಟು ನಿಮಿಷ, ಹೀಗೆ. ರಾಹುಕಾಲ ಕಳೆಯಲಿ ಅಂತ ಅವರು ಆರಾಮಾಗಿ ಕಾಯುತ್ತಾರೆ. ಇಲ್ಲಿ ನಮ್ಮಂಥವರಿಗೆ ಆ ನಿಮಿಷದಿಂದ ಓಟ ಶುರು. ಮೊದಲ ಅರ್ಧ ಗಂಟೆಯಲ್ಲಿ ರಿಯಾಕ್ಷನ್ ಹಾಕಿದವರನ್ನು ಜನ ನೋಡುತ್ತಾರೆ, ಆಮೇಲೆ ಹಾಕಿದರೆ ಹಳಸಲು. ನಾನು ಲ್ಯಾಬಿನಲ್ಲಿ ಒಬ್ಬರ ತೋಳಿಗೆ ಪಟ್ಟಿ ಬಿಗಿಯುತ್ತಲೇ ಗಡಿಯಾರ ನೋಡುತ್ತಿದ್ದೆ. ಪೀಜಿಯ ಹುಡುಗರು ಖಾಲಿ ಹೊಟ್ಟೆಯಲ್ಲಿ ಬಂದು ಕೈ ಚಾಚಿ, "ಅಕ್ಕಾ, ನೀವು ಸೋಫಾ ಕ್ಲಾಸ್ ಅಲ್ವಾ? ಅಜ್ಜಿ ಸಖತ್ ಅಕ್ಕಾ," ಅನ್ನುತ್ತಿದ್ದರು. ಖುಷಿಯಲ್ಲಿ ನರ ತಪ್ಪಿದ್ದೂ ಉಂಟು, ಸುಳ್ಳೇಕೆ ಹೇಳಲಿ.

ಎರಡು ಗಂಟೆಗೆ ಹೊರಬಿದ್ದರೆ ಮಳೆ. ಬಸ್ಸು ಹತ್ತಿದರೆ ಬನ್ನೇರುಘಟ್ಟ ರಸ್ತೆಯಲ್ಲಿ ನಿಂತಲ್ಲೇ ನಿಲ್ಲುತ್ತಿತ್ತು. ಇಳಿದು ಆಟೋ ಹಿಡಿದರೆ ಆಟೋವೂ ನಿಲ್ಲುತ್ತಿತ್ತು. ನಾನು ಒಳಗೆ ಕೂತು ಕಾಲು ಕುಣಿಸುತ್ತಿದ್ದೆ. "ಮೇಡಂ, ನೀವು ಕಾಲ್ ಅಲ್ಲಾಡ್ಸಿದ್ರೆ ಗಾಡಿ ಮುಂದೆ ಹೋಗಲ್ಲ," ಎಂದು ಒಬ್ಬ ಆಟೋದವನು ಹೇಳಿದ್ದ. ಮನೆ ಸೇರಿ ಚಪ್ಪಲಿ ಬಿಡುವ ಮೊದಲೇ, "ಅತ್ತೆಮ್ಮಾ, ಸೀರೆ ಬದಲಾಯ್ಸಿ, ಆ ಹಸಿರುದು ಬೇಡ, ಲೈಟಿಗೆ ಮುಖ ಕಾಣಲ್ಲ," ಅನ್ನುತ್ತಿದ್ದೆ. ಲ್ಯಾಪ್‌ಟಾಪಿನಲ್ಲಿ ಟ್ರೇಲರ್, ಅದರ ಮೇಲುಗಡೆ ಸ್ಟ್ಯಾಂಡಿಗೆ ಸಿಕ್ಕಿಸಿದ ಫೋನು, ನಮ್ಮಿಬ್ಬರ ಎದೆಯ ಹತ್ತಿರ ಸಿಕ್ಕಿಸುವ ಪುಟ್ಟ ಮೈಕು. ಹೀಗೆ ಸಜ್ಜು.

ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನಾನು ಸಿನಿಮಾ ನೋಡುವುದನ್ನೇ ಮರೆತಿದ್ದೆ. ಶುಕ್ರವಾರ ಥಿಯೇಟರಿನಲ್ಲಿ ಕೂತರೂ ಮುಂದಿನ ದೃಶ್ಯ ಬರುವಷ್ಟರಲ್ಲಿ ಹಿಂದಿನದರ ಬಗ್ಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಸಾಲು ಕಟ್ಟುತ್ತಿದ್ದೆ. ಚಿಕ್ಕಂದಿನಲ್ಲಿ ಹೀರೋ ಸತ್ತರೆ ಎರಡು ದಿನ ಊಟ ಬಿಡುತ್ತಿದ್ದ ಹುಡುಗಿ ನಾನು. ಈಗ ಹೀರೋ ಸತ್ತರೆ ಇಂಟರ್ವಲ್ಲಿಗೆ ಎಷ್ಟು ಹೊತ್ತಿದೆ ಎಂದು ನೋಡುತ್ತಿದ್ದೆ. ಅತ್ತೆಮ್ಮ ಹಾಗಲ್ಲ. ಎಂಥ ತೋಪು ಸಿನಿಮಾದ ಟ್ರೇಲರ್ ಆದರೂ ಬೆನ್ನು ನೆಟ್ಟಗೆ ಮಾಡಿ, ಕೈ ಮಡಿಲಲ್ಲಿಟ್ಟು, ಪೂರ್ತಿ ನೋಡುತ್ತಿದ್ದರು. ಮುಗಿದ ಮೇಲೆ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಮಾತು. ಆ ಒಂದು ಗಳಿಗೆಯನ್ನು ನನಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಎಡಿಟ್ ಮಾಡುವಾಗ ಅದನ್ನು ಕತ್ತರಿಸುತ್ತಿದ್ದೆ. ಮೆಲ್ಲಮೆಲ್ಲಗೆ "ಅತ್ತೆಮ್ಮಾ, ಸ್ವಲ್ಪ ಜೋರಾಗಿ ನಗಿ", "ಭಯ ಆದ್ರೆ ಕೈ ಎದೆ ಮೇಲೆ ಇಟ್ಕೊಳ್ಳಿ" ಎಂದೆಲ್ಲ ಶುರುಮಾಡಿದೆ. "ಅಯ್ಯೋ ಹೋಗೇ, ನಿನ್ನ ನಾಟಕ ಕಂಪನಿಗೆ ನಾನೇ ಸಿಕ್ಕಿದ್ದಾ," ಎಂದು ಬೈಯುತ್ತಲೇ ಇಡುತ್ತಿದ್ದರು.

ಶ್ರಾವಣದಲ್ಲಿ ಆ ಟ್ರೇಲರ್ ಬಂತು. ಸಿನಿಮಾದ ಹೆಸರು ಬೇಡ. ಹೊಸ ನಿರ್ದೇಶಕ, ಗೊತ್ತಿಲ್ಲದ ಮುಖಗಳು. ಕಿಡಿ ಇಲ್ಲ, ಮಸಿ ಇಲ್ಲ. ಎಸ್‌ಟಿಡಿ ಬೂತ್ ನಡೆಸುವ ಒಬ್ಬ ಹೆಂಗಸಿನ ಕಥೆ. ಒಂದು ದೃಶ್ಯದಲ್ಲಿ ಗಾಜಿನ ಬಾಗಿಲಿನ ಆಚೆ ಒಬ್ಬ ಗಂಡಸು ಫೋನಿನಲ್ಲಿ ಯಾರದೋ ಸಾವಿನ ಸುದ್ದಿ ಹೇಳುತ್ತಿರುತ್ತಾನೆ. ಅದು ತನ್ನದೇ ಮನೆಯ ಸಾವು ಎಂದು ಈಚೆ ಕೂತಿರುವ ಅವಳಿಗೆ ಗೊತ್ತಾಗುತ್ತದೆ. ಅವಳು ಏನೂ ಕೇಳಿಸದವಳ ಹಾಗೆ ಬಿಲ್ ಹರಿದು ಕೊಡುತ್ತಾಳೆ. ಅಷ್ಟೇ, ಹತ್ತು ಸೆಕೆಂಡು.

ಟ್ರೇಲರ್ ಮುಗಿಯಿತು. ಅತ್ತೆಮ್ಮ ಎಂದಿನಂತೆ ಸುಮ್ಮನಿದ್ದರು. ಆದರೆ ಸುಮ್ಮನಿದ್ದದ್ದು ಬೆಳೆಯುತ್ತಾ ಹೋಯಿತು, ಆಮೇಲೆ ಭುಜ ಅಲುಗಿತು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ, ಮಾವನವರು ಹೋದ ದಿನವೂ, ಅವರು ಹೀಗೆ ಅತ್ತಿದ್ದನ್ನು ನಾನು ಕಂಡಿರಲಿಲ್ಲ. ಅಳುತ್ತಲೇ ಹೇಳಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಮಧ್ಯಾಹ್ನ, ಅವರ ಬೋರ್ಡಿಗೆ ತಿಪಟೂರಿನಿಂದ ಒಂದು ಟ್ರಂಕ್ ಕಾಲ್ ಬಂತಂತೆ. ಕೇಳಿದ ನಂಬರು ಜಯನಗರದಲ್ಲಿ ಇವರು ಬಾಡಿಗೆಗಿದ್ದ ಮನೆಯ ಓನರದ್ದು. ಇವರು ಆಪರೇಟರ್ ಧ್ವನಿಯಲ್ಲಿ "ತಿಪಟೂರು ಲೈನಲ್ಲಿದೆ, ಮಾತಾಡಿ" ಎಂದು ಕನೆಕ್ಷನ್ ಕೊಟ್ಟರು. ಮಾತು ಸರಿಯಾಗಿ ಹೋಗುತ್ತಿದೆಯಾ ಎಂದು ಆಪರೇಟರ್ ಒಂದೆರಡು ಕ್ಷಣ ಕೇಳಬೇಕು, ಆಮೇಲೆ ಬಿಡಬೇಕು. ಆ ಕ್ಷಣದಲ್ಲಿ ಕೇಳಿದ್ದು ಸ್ವಂತ ಅಣ್ಣನ ಧ್ವನಿ. "ಅಪ್ಪ ಹೋಗ್ಬಿಟ್ರು. ಮಂಗಳಂಗೆ ಈಗ್ಲೇ ಹೇಳ್ಬೇಡಿ, ಡ್ಯೂಟಿ ಮುಗಿಸ್ಕೊಂಡು ಬರ್ಲಿ." ಲೈನಿನಲ್ಲಿ ಮಾತಾಡುವ ಹಾಗಿಲ್ಲ. ಬೆನ್ನ ಹಿಂದೆ ಸೂಪರ್‌ವೈಸರ್ ಓಡಾಡುತ್ತಿರುತ್ತಾಳೆ. ಇವರು ಆ ಲೈನಿನಿಂದ ಕಿವಿ ಬಿಡಿಸಿಕೊಂಡು ಮುಂದಿನ ಕಾಲ್ ತೆಗೆದುಕೊಂಡರು. ಇನ್ನೂ ಮೂರು ಗಂಟೆ ಹೊತ್ತು ಬೇರೆಯವರ ಮನೆಯ ಮದುವೆ, ಮುಂಜಿ, ಜಗಳಗಳಿಗೆ ಕನೆಕ್ಷನ್ ಕೊಟ್ಟರು.

"ಇದನ್ನ ಯಾರಿಗೂ ಹೇಳಿಲ್ಲ. ನಿಮ್ಮ ಮಾವಂಗೂ ಹೇಳಿಲ್ಲ," ಎಂದು ಎದ್ದು ಮುಖ ತೊಳೆಯಲು ಹೋದರು.

ನಾನು ಫೋನ್ ತೆಗೆದು ಪ್ಲೇ ಮಾಡಿದೆ. ಚಿತ್ರ ಇದೆ, ಧ್ವನಿ ಇಲ್ಲ. ಅವಸರದಲ್ಲಿ ಮೈಕ್ ಆನ್ ಮಾಡಿರಲಿಲ್ಲ; ಅದನ್ನು ಜೋಡಿಸಿದ್ದರೆ ಫೋನು ತಾನಾಗಿ ಧ್ವನಿ ಹಿಡಿಯುವುದಿಲ್ಲ. ಅತ್ತೆಮ್ಮನ ತುಟಿ ಅಲ್ಲಾಡುತ್ತಿದೆ, ಒಂದು ಸೊಲ್ಲೂ ಇಲ್ಲ. ಆಗಲೇ ಇನ್ನಿಬ್ಬರು ಆ ಟ್ರೇಲರಿನ ರಿಯಾಕ್ಷನ್ ಹಾಕಿಯಾಗಿತ್ತು. ಬಚ್ಚಲಿನ ಬಾಗಿಲಲ್ಲಿ ನಿಂತು, ಟವೆಲ್ ಹಿಡಿದಿದ್ದ ಅವರಿಗೆ ಹೇಳಿದೆ.

"ಅತ್ತೆಮ್ಮಾ, ಮೈಕ್ ಆನ್ ಆಗಿರ್ಲಿಲ್ಲ. ಇನ್ನೊಂದ್ಸಲ ಹೇಳ್ತೀರಾ? ಅದೇ ತರ."

ಅವರು ನನ್ನನ್ನು ನೋಡಿದರು. ಬೈಯಬಹುದಿತ್ತು. ಟವೆಲ್ ಮುಖಕ್ಕೆ ಎಸೆಯಬಹುದಿತ್ತು, ನಾನು ಅದಕ್ಕೆ ಲಾಯಕ್ಕೇ. ಅವರು ಕೇಳಿದ್ದು ಒಂದೇ ಮಾತು.

"ಎಲ್ಲಿಂದ?"

"ಟ್ರೇಲರ್ ಮುಗಿಯೋ ಕಡೆಯಿಂದ," ಅಂದೆ.

ಬಂದು ಕೂತರು. ಎರಡನೇ ಸಲ ಅತ್ತೆಮ್ಮ ಚೆನ್ನಾಗಿ ಹೇಳಿದರು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದರು, ಅಣ್ಣನ ಮಾತು ಬಂದಾಗ ದನಿ ತಗ್ಗಿಸಿದರು, "ಡ್ಯೂಟಿ ಮುಗಿಸ್ಕೊಂಡು ಬರ್ಲಿ" ಎನ್ನುವಲ್ಲಿ ಕಣ್ಣೀರು ಸರಿಯಾಗಿ ಕೆನ್ನೆಗಿಳಿಯಿತು. ಮೊದಲನೆಯದಕ್ಕಿಂತ ಒಳ್ಳೆಯದಾಗಿ ಬಂತು ಎಂದು ನಾನು ಆಗ ಅಂದುಕೊಂಡೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೂ ಅಂದುಕೊಂಡಿದ್ದು ಹಾಗೇ.

ಆ ವಿಡಿಯೋ ಓಡಿದ ಹಾಗೆ ನಮ್ಮದು ಯಾವುದೂ ಓಡಿರಲಿಲ್ಲ. ಲ್ಯಾಬಿಗೆ ಬರುವವರು ಕೈ ಚಾಚುವ ಮೊದಲು ಕಣ್ಣೊರೆಸಿಕೊಳ್ಳುತ್ತಿದ್ದರು. ಮಡಿವಾಳ ಮಾರ್ಕೆಟ್ಟಿನಲ್ಲಿ ಸೊಪ್ಪಿನ ಅಕ್ಕ ಅತ್ತೆಮ್ಮನಿಗೆ ಅಂತ ಒಂದು ಕಟ್ಟು ಹೆಚ್ಚಿಗೆ ಹಾಕಿದಳು. ಸಿನಿಮಾ ತಂಡದಿಂದ ಒಬ್ಬ ಹುಡುಗ ಫೋನ್ ಮಾಡಿ, ಬಿಡುಗಡೆಯ ದಿನ ಮೊದಲ ಶೋಗೆ ನೀವಿಬ್ಬರೂ ಬರಬೇಕು, ಶೋ ಮುಗಿದ ಮೇಲೆ ಅಜ್ಜಿ ಎರಡು ಮಾತಾಡಬೇಕು ಎಂದ. ಅತ್ತೆಮ್ಮನನ್ನು ಒಂದು ಮಾತು ಕೇಳದೆ ಬರ್ತೀವಿ ಅಂದುಬಿಟ್ಟೆ.

ಕಾಮೆಂಟುಗಳಲ್ಲಿ ಒಳ್ಳೆಯದನ್ನಷ್ಟೇ ಅವರಿಗೆ ಓದಿ ಹೇಳುತ್ತಿದ್ದೆ. ಒಂದು ಮಧ್ಯಾಹ್ನ ನಾನು ಮನೆಗೆ ಬಂದಾಗ ಅವರೇ ಕನ್ನಡಕ ಹಾಕಿಕೊಂಡು, ಫೋನನ್ನು ಮೂಗಿನ ಹತ್ತಿರ ಹಿಡಿದು ಓದುತ್ತಿದ್ದರು. ಗಟ್ಟಿಯಾಗಿ ಓದಿದರು. "ಅಜ್ಜಿ ಆಕ್ಟಿಂಗ್ ಸೂಪರ್ ಗುರು, ಗ್ಲಿಸರಿನ್ ಎಷ್ಟು ಬಾಟ್ಲಿ ಖರ್ಚಾಯ್ತು."

"ಅಂಥವ್ರಿಗೆಲ್ಲ ತಲೆ ಕೆಡಿಸ್ಕೋಬೇಡಿ. ತಾಳಿ, ಅವನಿಗೆ ಸರಿಯಾಗಿ ಉತ್ತರ ಕೊಡ್ತೀನಿ," ಎಂದು ಫೋನಿಗೆ ಕೈ ಹಾಕಿದೆ.

"ಬೇಡ. ಅವನು ಹೇಳಿದ್ರಲ್ಲಿ ತಪ್ಪೇನಿದೆ?" ಅಂದರು. ದನಿಯಲ್ಲಿ ಸಿಟ್ಟು ಇರಲಿಲ್ಲ. "ನಟನೆ ನಂಗೆ ಹೊಸದಲ್ಲ ಶೈಲಾ. ಆವತ್ತು ಡ್ಯೂಟಿ ಮುಗಿಸ್ಕೊಂಡು ಮನೆಗೆ ಹೋದ್ನಲ್ಲ, ಓನರ್ ಮನೆಯಾಕೆ ಕೂರ್ಸಿ, ಕಾಫಿ ಕೊಟ್ಟು, ತಲೆ ಸವರಿ, ನಿಮ್ಮ ತಂದೆ ಹೋಗ್ಬಿಟ್ರಂತಮ್ಮ ಅಂದ್ರು. ನಾನು ಆಗ ತಾನೇ ಕೇಳ್ದವಳ ಹಾಗೆ ಅಳ್ಬೇಕಾಯ್ತು. ಲೈನಲ್ಲಿ ಕೇಳಿಸ್ಕೊಂಡೆ ಅಂತ ಬಾಯಿ ಬಿಟ್ರೆ ಕೆಲಸ ಹೋಗ್ತಿತ್ತು. ಹೊಸ ಕೆಲಸ. ಊರಿಗೆ ಹೋದ್ರೂ ಅಣ್ಣ, ಯಾವಾಗ ಗೊತ್ತಾಯ್ತಮ್ಮ ಅಂದ, ಸಾಯಂಕಾಲ ಅಂದೆ." ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಅಪ್ಪಂಗೋಸ್ಕರ ನಿಜವಾಗಿ ಅಳು ಬಂದಿದ್ದು ಮೊನ್ನೆ, ಈ ಸೋಫಾ ಮೇಲೆ. ಅದಕ್ಕೆ ನೀನು ಇನ್ನೊಂದ್ಸಲ ಅಂದೆ."

ನಾನು ತಪ್ಪಾಯ್ತು ಅಂದೆ. "ಆಯ್ತು ಬಿಡು, ಕಾಫಿ ಇಡ್ಲಾ?" ಎಂದು ಅವರು ಅಡುಗೆಮನೆಗೆ ಹೋದರು. ಆಗಲೇ ಸಿನಿಮಾದ ಶೋ ವಿಷಯ ರದ್ದು ಮಾಡಬೇಕಿತ್ತು. ಮಾಡಲಿಲ್ಲ. ಮಾತು ಕೊಟ್ಟಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಅವರೂ ಬರಲ್ಲ ಅನ್ನಲಿಲ್ಲ.

ಗೌರಿ ಹಬ್ಬಕ್ಕೆ ಒಂದು ವಾರವಿತ್ತು. ಶುಕ್ರವಾರ ಬೆಳಗಿನ ಶೋ, ಬನ್ನೇರುಘಟ್ಟ ರಸ್ತೆಯ ಅದೇ ಮಾಲ್. ಹೊರಗೆ ಜಡಿಮಳೆ. ತಂಡದ ಹುಡುಗ ನಮ್ಮಿಬ್ಬರ ಕೈಗೂ ಒಂದೊಂದು ಡಬ್ಬ ಪಾಪ್‌ಕಾರ್ನ್ ತುರುಕಿದ. ಹಾಲ್ ಕತ್ತಲಾದ ಮೇಲೆ ನಾನು ಪರದೆಗಿಂತ ಹೆಚ್ಚಾಗಿ ಅತ್ತೆಮ್ಮನ ಕಡೆಯೇ ಗಮನ ಇಟ್ಟಿದ್ದೆ, ಆ ದೃಶ್ಯ ಯಾವಾಗ ಬರುತ್ತದೋ ಎಂಬ ಕಳವಳದಲ್ಲಿ. ಸಿನಿಮಾ ಚೆನ್ನಾಗಿತ್ತು ಅನ್ನಿಸುತ್ತದೆ. ಹಿಂದಿನ ಸಾಲಿನಲ್ಲಿ ಜನ ಮೂಗೆಳೆಯುವುದು ಕೇಳಿಸುತ್ತಿತ್ತು. ಇಂಟರ್ವಲ್ ಆಗಿ ಸ್ವಲ್ಪ ಹೊತ್ತಿಗೆ ಎಸ್‌ಟಿಡಿ ಬೂತಿನ ಗಾಜಿನ ಬಾಗಿಲು ಬಂತು. ಟ್ರೇಲರಿನಲ್ಲಿ ಹತ್ತು ಸೆಕೆಂಡು ಇದ್ದದ್ದು ಇಲ್ಲಿ ಐದು ನಿಮಿಷ ಇತ್ತು. ಅತ್ತೆಮ್ಮ ಕೈ ಮಡಿಲಲ್ಲಿಟ್ಟು ನೆಟ್ಟಗೆ ಕೂತಿದ್ದರು. ಏನೂ ಆಗಲಿಲ್ಲ. ನನಗೆ ಸಮಾಧಾನವೇ ಆಯಿತು.

ಹೊರಗೆ ಬಂದರೆ ನಾಲ್ಕೈದು ಮೈಕುಗಳು. "ಅಜ್ಜಿ, ಹೇಗಿತ್ತು? ಆ ಸೀನ್ ನೋಡ್ದಾಗ ಏನನ್ನಿಸ್ತು?" ಅತ್ತೆಮ್ಮ ತಡವರಿಸಲಿಲ್ಲ. ಕೈ ಎದೆಯ ಮೇಲಿಟ್ಟುಕೊಂಡು, "ಹೊಟ್ಟೆಯೊಳಗೆ ಸಂಕಟ ಆಯ್ತಪ್ಪ. ನಮ್ಮ ತಂದೆನೇ ನೆನಪಾದ್ರು. ಎಲ್ಲರೂ ಬಂದು ನೋಡಿ, ಹೊಸ ಹುಡುಗ್ರನ್ನ ಕೈಬಿಡ್ಬೇಡಿ," ಅಂದರು. ಸುತ್ತ ನಿಂತವರು ಚಪ್ಪಾಳೆ ಹೊಡೆದರು. ಕೈ ಎದೆಯ ಮೇಲೆ ಇಟ್ಟುಕೊಳ್ಳಲು ಹೇಳಿಕೊಟ್ಟವಳು ನಾನೇ ಆದ್ದರಿಂದ, ಅದು ನಟನೆಯ ಕೈ ಎಂದು ನನಗೆ ಮಾತ್ರ ಗೊತ್ತಾಯಿತು.

ಆಟೋ ಸಿಕ್ಕಿತು. ಪಕ್ಕದ ಪರದೆ ಎಳೆದರೂ ನೀರು ಒಳಗೆ ಎರಚುತ್ತಿತ್ತು. ಪಾಪ್‌ಕಾರ್ನ್ ಡಬ್ಬ ನನ್ನ ತೊಡೆಯ ಮೇಲೆ ನೆನೆದು ಮುದ್ದೆಯಾಗುತ್ತಿತ್ತು, ಎಸೆಯಲು ಜಾಗವಿರಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಅತ್ತೆಮ್ಮ ಹೇಳಿದರು.

"ಆ ಸೀನ್ ಬಂತಲ್ಲ, ನಂಗೆ ಏನೂ ಆಗ್ಲಿಲ್ಲ ಶೈಲಾ."

"ಒಳ್ಳೇದಾಯ್ತಲ್ಲ ಅತ್ತೆಮ್ಮಾ."

"ಒಳ್ಳೇದಲ್ಲ ಕಣೇ. ನಮ್ಮಣ್ಣನ ಧ್ವನಿ ನೆನೆಸ್ಕೊಳೋಣ ಅಂತ ನೋಡ್ದೆ. ಬರ್ತಾ ಇಲ್ಲ. ಆವತ್ತು ಅವನು ಹೇಳಿದ್ದು ನಂಗೆ ಹಾಗೇ ಕಿವಿಯಲ್ಲಿತ್ತು. ಇಷ್ಟು ವರ್ಷ ಇತ್ತು. ಈಗ ಆ ಮಾತು ಜ್ಞಾಪಿಸ್ಕೊಂಡ್ರೆ ವಿಡಿಯೋದಲ್ಲಿ ನಾನು ಹೇಳಿದ್ನಲ್ಲ, ನನ್ನ ಧ್ವನಿನೇ ಕೇಳ್ಸುತ್ತೆ."

ಆ ಅಣ್ಣ ತೀರಿಕೊಂಡು ಹತ್ತು ವರ್ಷದ ಮೇಲಾಗಿತ್ತು. ಅವರ ಒಂದು ಕ್ಯಾಸೆಟ್ಟಿಲ್ಲ, ಒಂದು ರೆಕಾರ್ಡಿಂಗ್ ಇಲ್ಲ. ಇದ್ದದ್ದು ಇವರ ಕಿವಿಯಲ್ಲಿ ಮಾತ್ರ. ಅದನ್ನು ನಾನು ಅಳಿಸಿದ್ದೆ. ಬೇರೆ ಹೆಸರಿಟ್ಟು ಕರೆಯಲು ಬರುವುದಿಲ್ಲ, ಅಳಿಸಿದ್ದೆ.

ಅವತ್ತೇ ವಿಡಿಯೋ ತೆಗೆದುಹಾಕಿದೆ. ಏನು ಪ್ರಯೋಜನ, ಅಷ್ಟರಲ್ಲಿ ಯಾರ್ಯಾರೋ ಅದನ್ನು ತುಂಡು ಮಾಡಿ, ಹಿಂದೆ ಕೊಳಲು ಸೇರಿಸಿ, ಅಪ್ಪನ ಮೇಲಿನ ಸುಭಾಷಿತದ ಜೊತೆ ಹಂಚಿಯಾಗಿತ್ತು. ಗೌರಿ ಹಬ್ಬದ ದಿನ ಸಂಬಂಧಿಕರ ಗ್ರೂಪಿನಲ್ಲೇ ಬಂತು. ಅತ್ತೆಮ್ಮ ಟ್ರೇಲರ್ ನೋಡುವುದನ್ನು ಬಿಟ್ಟರು. ಹಾಗಂತ ಘೋಷಣೆಯೇನೂ ಮಾಡಲಿಲ್ಲ. "ಐದು ನಾಲ್ಕಕ್ಕೆ ಬರತ್ತಂತೆ ಅತ್ತೆಮ್ಮಾ, ಸುಮ್ನೆ ನೋಡೋಣ, ರೆಕಾರ್ಡ್ ಮಾಡಲ್ಲ," ಅಂದರೆ, "ನೀನು ನೋಡು, ನಂಗೆ ಸ್ವಲ್ಪ ತಲೆನೋವು," ಅನ್ನುತ್ತಿದ್ದರು. ಟೀವಿ ಹಾಕುತ್ತಿರಲಿಲ್ಲ. ಪಕ್ಕದ ಮನೆಯ ಆಂಟಿ ಯಾರ ಹತ್ತಿರ ಮಾತಾಡುತ್ತಿದ್ದಾಳೆ ಎಂದೂ ಹೇಳುತ್ತಿರಲಿಲ್ಲ. ನಂದೀಶ ಒಂದು ದಿನ, "ಏನು ಇಬ್ರೂ ಜಗಳ ಆಡಿದ್ರಾ?" ಎಂದು ಕೇಳಿದ. ಜಗಳವಾಗಿದ್ದರೆ ಎಷ್ಟೋ ವಾಸಿ ಇತ್ತು.

ನಾನು ಚಾನೆಲ್ ನಿಲ್ಲಿಸಿದೆ. ನಿಲ್ಲಿಸಿದ ಮೇಲೂ ಕಾಲು ಕುಣಿಯುವುದು ನಿಲ್ಲಲಿಲ್ಲ. ಐದು ಗಂಟೆಯಾದರೆ ಮನೆಯೊಳಗೆ ಅಡ್ಡಾಡುತ್ತಿದ್ದೆ, ಒಗೆದ ಬಟ್ಟೆಯನ್ನೇ ಮತ್ತೆ ಮಡಿಸುತ್ತಿದ್ದೆ. ತಪ್ಪಾಯ್ತು ಎಂದು ಮೂರು ಸಲ ಹೇಳಿದೆ, ಮೂರು ಸಲವೂ ಅವರು "ಆಯ್ತು ಬಿಡೇ" ಅಂದರು. ಅವರು ಕ್ಷಮಿಸಿದ್ದರು, ಅದರಲ್ಲಿ ಅನುಮಾನವಿಲ್ಲ. ಕಳೆದದ್ದು ಸಿಕ್ಕಿರಲಿಲ್ಲ, ಅಷ್ಟೆ. ಕೆಲವು ಸಲ ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ ಕೂತಿರುತ್ತಿದ್ದರು. ನಾನು ಕೋಣೆಗೆ ಕಾಲಿಟ್ಟರೆ ಕಣ್ಣು ತೆರೆದು ಏನೂ ಇಲ್ಲ ಎಂಬಂತೆ ತಲೆ ಆಡಿಸುತ್ತಿದ್ದರು.

ದಸರಾ ಕಳೆದು ಮಳೆ ಹಿಂದೆಗೆಯುತ್ತಿದ್ದ ದಿನಗಳು. ಲ್ಯಾಬಿನಲ್ಲಿ ಜನ ಇರಲಿಲ್ಲ. ಫೋನಿನಲ್ಲಿ ಜಾಗವಿಲ್ಲ ಎಂದು ಹಳೆಯದನ್ನೆಲ್ಲ ಅಳಿಸುತ್ತಾ ಕೂತಿದ್ದಾಗ ಆ ಮೊದಲನೇ ಟೇಕ್ ಕಂಡಿತು. ಧ್ವನಿಯಿಲ್ಲದ್ದು. ಕೆಲಸಕ್ಕೆ ಬಾರದ್ದೆಂದು ಬಿಟ್ಟಿದ್ದು, ಅಳಿಸಲೂ ಮರೆತಿದ್ದು. ಒತ್ತಿದೆ.

ಎಡಕ್ಕೆ ಅತ್ತೆಮ್ಮ. ಭುಜ ಅಲುಗುತ್ತದೆ, ಮುಖ ಕಿವುಚಿಕೊಳ್ಳುತ್ತದೆ, ಮೂಗಿನಿಂದ ನೀರು ಇಳಿದರೂ ಒರೆಸಿಕೊಳ್ಳುವುದಿಲ್ಲ, ಮಾತು ಬಾರದೆ ಬಾಯಿ ಎರಡು ಸಲ ತೆರೆದು ಮುಚ್ಚುತ್ತದೆ. ಬಲಕ್ಕೆ ನಾನು. ಅಲ್ಲಿಯವರೆಗೆ ಆ ವಿಡಿಯೋದಲ್ಲಿ ನಾನೂ ಇದ್ದೇನೆ ಎನ್ನುವುದೇ ನನಗೆ ಹೊಳೆದಿರಲಿಲ್ಲ. ಪಕ್ಕದಲ್ಲಿ ಕೂತವರು ಬಿಕ್ಕಿ ಅಳುತ್ತಿದ್ದಾರೆ, ನನ್ನ ಕಣ್ಣು ಎದುರಿನ ಫೋನಿನಲ್ಲಿ ಕಾಣುವ ನನ್ನ ಮುಖದ ಮೇಲೆಯೇ ನೆಟ್ಟಿದೆ. ನಡುವೆ ಒಮ್ಮೆ ಕೈ ಎತ್ತಿ ಅವರ ಬೆನ್ನು ಸವರುತ್ತೇನೆ. ಆಗಲೂ ಫೋನನ್ನೇ ನೋಡುತ್ತಿದ್ದೇನೆ, ಸವರುವುದು ಸರಿಯಾಗಿ ಕಾಣುತ್ತಿದೆಯಾ ಅಂತ. ಒಮ್ಮೆ ಕೂದಲು ಸರಿಮಾಡಿಕೊಳ್ಳುತ್ತೇನೆ. ನಾಲ್ಕು ನಿಮಿಷದ ವಿಡಿಯೋ. ನಾಲ್ಕು ನಿಮಿಷದಲ್ಲಿ ಒಂದು ಸಲವೂ ನಾನು ಅತ್ತೆಮ್ಮನ ಕಡೆ ತಿರುಗಿರಲಿಲ್ಲ.

ಲ್ಯಾಬಿನಲ್ಲಿ ತಲೆ ಸುತ್ತುತ್ತಿದೆ ಎಂದು ಹೇಳಿ ಬೇಗ ಹೊರಟೆ. ಅಳಿಸಿಬಿಡಬೇಕು ಎನ್ನಿಸಿತು. ಅತ್ತೆಮ್ಮನಿಗೆ ತೋರಿಸಿದರೆ ಇನ್ನು ನನಗೆ ಮುಖ ಕೊಟ್ಟು ಮಾತಾಡುವುದಿಲ್ಲ ಎಂದೂ ಅನ್ನಿಸಿತು. ದಾರಿಯುದ್ದಕ್ಕೂ ಬೆರಳು ಆ ಗುಂಡಿಯ ಮೇಲೇ ಇತ್ತು. ಮನೆಗೆ ಹೋಗಿ ಚಪ್ಪಲಿ ಬಿಟ್ಟೆ. ಅತ್ತೆಮ್ಮ ಕುಕ್ಕರ್ ಇಟ್ಟು ಬಂದು ಕೂತಿದ್ದರು; ಅವರ ಕೈಗೆ ಫೋನ್ ಕೊಟ್ಟೆ.

"ಇದು ಮೊದಲನೇ ಸಲದ್ದು, ಅತ್ತೆಮ್ಮಾ. ಧ್ವನಿ ಇಲ್ಲ."

ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. ಮತ್ತೊಮ್ಮೆ ಹಾಕು ಅಂದರು. ಎರಡನೇ ಸಲ ಮಧ್ಯದಲ್ಲಿ ನಿಲ್ಲಿಸಿ, ಪರದೆಯ ಬಲಗಡೆ ಬೆರಳಿಟ್ಟು ಕೇಳಿದರು.

"ಇಲ್ಲಿ ನೀನು ಯಾರನ್ನ ನೋಡ್ತಿದೀಯ?"

"ನನ್ನೇ."

ನನಗೆ ಅಳು ಬಂತು, ಅಳಲು ನನಗೇನು ಹಕ್ಕು ಎಂದು ತುಟಿ ಕಚ್ಚಿಕೊಂಡೆ. ಫೋನನ್ನು ಪಕ್ಕಕ್ಕಿಟ್ಟು ಅವರು ಸೋಫಾದಲ್ಲಿ ಸ್ವಲ್ಪ ಸರಿದು ಜಾಗ ಮಾಡಿದರು.

"ಕೂತ್ಕೋ, ಹೇಳ್ತೀನಿ."

"ಬೇಡ ಅತ್ತೆಮ್ಮಾ. ಇನ್ನೊಂದ್ಸಲ ಬೇಡ."

"ನೀನಿನ್ನೂ ಕೇಳೇ ಇಲ್ವಲ್ಲೇ," ಅಂದರು.

ಕೂತೆ. ಅವರ ಕಡೆ ತಿರುಗಿ ಕೂತೆ. ಅವರು ಈ ಸಲ ಟ್ರಂಕ್ ಕಾಲಿನಿಂದ ಶುರುಮಾಡಲಿಲ್ಲ, ಅಪ್ಪನಿಂದ ಶುರುಮಾಡಿದರು. ಅಪ್ಪ ಸೈಕಲ್ ತುಳಿಯುತ್ತಿದ್ದದ್ದು, ಮಗಳಿಗೆ ಕೆಲಸ ಸಿಕ್ಕಾಗ ಊರಿಗೆಲ್ಲ ಹೇಳಿಕೊಂಡು ಬಂದದ್ದು, ಅದೂ ಇದೂ. ತಪ್ಪಿ ಹೇಳುತ್ತಿದ್ದರು, ಹಿಂದೆ ಹೋಗಿ ಸರಿಮಾಡುತ್ತಿದ್ದರು. ಕುಕ್ಕರ್ ಕೂಗಿತು, ಇಬ್ಬರೂ ಏಳಲಿಲ್ಲ. ಕೊನೆಗೆ ಆ ಮಧ್ಯಾಹ್ನ ಬಂತು, ಬೋರ್ಡು ಬಂತು, ತಿಪಟೂರು ಬಂತು. "ಮಾತಾಡಿ ಅಂದೆ, ಅಣ್ಣ ಅಂದ, ಅಪ್ಪ ಹೋಗ್ಬಿಟ್ರು, ಮಂಗಳಂಗೆ ಈಗ್ಲೇ..."

ಅಲ್ಲಿ ನಿಂತರು. ತಲೆ ಒಂದು ಕಡೆ ವಾಲಿತು.

"ತಾಳು. ಮಂಗಳಂಗೆ ಅನ್ಲಿಲ್ಲ ಅವನು. ಮಂಗಳ ಅಂತ ಮನೆಯಲ್ಲಿ ಯಾರು ಕರೀತಿದ್ರು ನನ್ನ?"

ಮತ್ತೆ, ಅಣ್ಣ ಏನೆಂದು ಕರೆದಿದ್ದನೋ ಆ ಹೆಸರನ್ನು ಹೇಳಿದರು. ಹೇಳಿದ್ದು ಅವರ ಧಾಟಿಯಲ್ಲಿ ಅಲ್ಲ, ಯಾರೋ ದೂರದಿಂದ ತಂತಿಯ ಮೇಲೆ ಗಟ್ಟಿಯಾಗಿ ಹೇಳುವ ಗಂಡಸಿನ ಧಾಟಿಯಲ್ಲಿ. ಎರಡು ಸಲ ಹೇಳಿದರು. ಆಮೇಲೆ ನನ್ನ ಕೈ ಹಿಡಿದುಕೊಂಡರು.

ಆ ಹೆಸರು ನನಗೂ ಗೊತ್ತಾಗಿದೆ. ಇಲ್ಲಿ ಬರೆಯುವುದಿಲ್ಲ.